ಗೆರೆಯಾಚೆಯ ಆಟಗಾರ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿಗಳ ಸೀಮೆ ಎರೆಭೂಮಿಯ ಸೀಮೆ. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಬಿಡದ ಮಣ್ಣು. ಬಿಸಿಲು ಬಲಿತರೆ ಬಾಯಿ ತೆರೆದು ಬಿರಿಯುವ ಮಣ್ಣು. ಶಲವಡಿ ಈ ಸೀಮೆಯ ಊರುಗಳಲ್ಲೊಂದು. ಜೋಳ, ಕಡಲೆ, ಹತ್ತಿಗಳನ್ನು ಬೆಳೆಯುವ ಇಂಥ ಊರುಗಳಲ್ಲಿ ಆಟವೆಂದೊಡನೆ ಹಿರಿಯರಿಗೆ ನೆನಪಾಗುವುದು ಕುಸ್ತಿ ಮತ್ತು ಕಬಡ್ಡಿ. ಕಾಲ್ಚೆಂಡು ಇಲ್ಲಿಗೆ ದೂರದಿಂದ ಬಂದ ಅತಿಥಿ. ಆದರೂ ಕಾಲ್ಚೆಂಡಿನ ತರಬೇತುದಾರನನ್ನು ಕುರಿತು ಏಳುವ ಒಂದು ಕಠಿಣವಾದ ಪ್ರಶ್ನೆಯನ್ನು ಅರಿಯಲು ಈ ಕಡೆಯ ಗರಡಿಮನೆ ತಕ್ಕ ಸ್ಥಳವೇ ಆಗಿದೆ.

ಗರಡಿಯ ಹದಮಣ್ಣಿನ ಅಂಚಿನಲ್ಲಿ ವಯಸ್ಸಾದ ವಸ್ತಾದರು ಕುಳಿತಿರುತ್ತಾರೆ. ಒಂದು ಕಾಲದಲ್ಲಿ ನೂರಾರು ಬಸ್ಕಿ ಹೊಡೆದ ಮೈ ಈಗ ಸವೆದಿದೆ. ಮಂಡಿ ಮಡಚಲು ಬಾರದು. ಆದರೆ ಕಣದಲ್ಲಿ ಹೆಣೆದುಕೊಂಡ ಇಬ್ಬರು ಹುಡುಗರಲ್ಲಿ ಯಾರ ಕಾಲು ಎಲ್ಲಿ ತಪ್ಪಿತೆಂಬುದು ಅವರ ಕಣ್ಣಿಗೇ ಮೊದಲು ಕಾಣುತ್ತದೆ. ಅವರ ಒಂದು ಮಾತಿಗೆ ಪಟ್ಟು ಬದಲಾಗುತ್ತದೆ. ದೇಹಬಲ ಹೋಯಿತೆಂದು ಯಾರೂ ವಸ್ತಾದರನ್ನು ಗರಡಿಯಿಂದ ಹೊರಗೆ ಕಳುಹಿಸುವುದಿಲ್ಲ. ಹಾಗೆಂದು ಜ್ವರದಿಂದ ಕಣ್ಣು ಮಂಜಾಗಿ, ನಿದ್ರೆಗೆಟ್ಟು, ಗಮನ ಚದುರಿದ ದಿನವೂ ಅವರು ಅದೇ ವಸ್ತಾದರಾಗಿ ಉಳಿಯುವರೇ? ತಪ್ಪಿದ ಪಟ್ಟನ್ನು ಆ ದಿನ ತಿದ್ದುವವರು ಯಾರು? ಆಗ ಉಳುಕುವುದು ವಸ್ತಾದರ ಕತ್ತಲ್ಲ, ಕಣದಲ್ಲಿರುವ ಹುಡುಗನ ಕತ್ತು.

ಆಟಗಾರನ ದೇಹವನ್ನು ಅಳೆಯುವವರು ಅನೇಕರಿದ್ದಾರೆ. ಅವನು ಎಷ್ಟು ವೇಗವಾಗಿ ಓಡಬಲ್ಲ, ಎಷ್ಟು ಹೊತ್ತು ದಣಿಯದೆ ನಿಲ್ಲಬಲ್ಲ ಎಂಬುದನ್ನು ದಿನವೂ ನೋಡುತ್ತಾರೆ. ಕಾಲು ಉಳುಕಿದರೆ ಹೊರಗೆ ಕೂರಿಸುತ್ತಾರೆ. ಗಾಯ ಮಾಯುವವರೆಗೆ ಕಾಯುತ್ತಾರೆ. ಇವನು ಆಡಬಹುದು, ಇವನು ಆಡಬಾರದು ಎಂಬ ಕೊನೆಯ ಮಾತು ತರಬೇತುದಾರನದು. ಆದರೆ ತರಬೇತುದಾರನ ದೇಹವನ್ನು ಅಳೆಯುವವರು ಯಾರು? ಅವನು ಅಸ್ವಸ್ಥನಾದರೆ ಆ ಕೆಲಸಕ್ಕೆ ಅನರ್ಹನಾಗುವನೇ? ಅನರ್ಹನಾದನೆಂದು ಹೇಳುವ ಅಧಿಕಾರ ಯಾರದು?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ತರಬೇತುದಾರನ ಕೆಲಸವೆಂಥದೆಂದು ತಿಳಿಯಬೇಕು. ಪಂದ್ಯ ನಡೆಯುವುದು 90 ನಿಮಿಷ. ಆ ಹೊತ್ತಿನಲ್ಲಿ ಅವನು ಗೆರೆಯ ಆಚೆ ನಿಂತಿರುತ್ತಾನೆ, ಚೆಂಡನ್ನು ಮುಟ್ಟುವುದಿಲ್ಲ. ನೋಡುವವರಿಗೆ ಅದು ಸುಲಭವಾದ ಕೆಲಸವೆನಿಸಬಹುದು. ಆದರೆ ಆ 90 ನಿಮಿಷಗಳ ಹಿಂದೆ ವಾರಗಟ್ಟಲೆಯ ದುಡಿಮೆಯಿದೆ. ಬೆಳಗಿನ ಚಳಿಯಲ್ಲಿಯೂ ಮಧ್ಯಾಹ್ನದ ಬಿಸಿಲಿನಲ್ಲಿಯೂ ಅವನು ಮೈದಾನದಲ್ಲಿರಬೇಕು. ಒದೆಯುವ ಬಗೆಯನ್ನು ಕೆಲವೊಮ್ಮೆ ತಾನೇ ಒದ್ದು ತೋರಿಸಬೇಕು. ನೂರು ಗಜ ದೂರದಲ್ಲಿರುವ ಹುಡುಗನಿಗೆ ಕೇಳುವಂತೆ ಕೂಗಬೇಕು. ಊರಿಂದೂರಿಗೆ ಪ್ರಯಾಣ ಮಾಡಬೇಕು. 11 ಜನರನ್ನು ಆರಿಸುವಾಗ ಉಳಿದವರ ಮುನಿಸನ್ನು ಸಹಿಸಬೇಕು. ಪಂದ್ಯದ ನಡುವಿನ ವಿರಾಮದ ಕೆಲವೇ ನಿಮಿಷಗಳಲ್ಲಿ ಏನು ತಪ್ಪಾಯಿತೆಂದು ಗುರುತಿಸಿ, ಎರಡೇ ಮಾತುಗಳಲ್ಲಿ ತಿಳಿಯಹೇಳಬೇಕು.

ರೋಗವು ಈ ಕೆಲಸಗಳನ್ನೆಲ್ಲ ಒಂದೇ ಸಮನಾಗಿ ಮುಟ್ಟುವುದಿಲ್ಲ. ಮೊಣಕಾಲಿನ ನೋವು ಒದ್ದು ತೋರಿಸುವುದನ್ನು ತಡೆಯುತ್ತದೆ, ಯೋಚಿಸುವುದನ್ನು ತಡೆಯುವುದಿಲ್ಲ. ಗಂಟಲ ರೋಗ ದನಿಯನ್ನು ಕಸಿಯುತ್ತದೆ, ಕಣ್ಣನ್ನಲ್ಲ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವನು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದ ಸಕ್ಕರೆಯಂಶ ಇಳಿದು ಕೈ ನಡುಗಬಹುದು, ವಿವೇಚನೆ ಮಸುಕಾಗಬಹುದು. ಹೃದ್ರೋಗದ ಸಂಗತಿ ಇನ್ನೂ ಬೇರೆ. ಉದ್ವೇಗದಲ್ಲಿ ಹೃದಯದ ಬಡಿತ ತೀವ್ರವಾಗುತ್ತದೆ; ರಕ್ತದ ಒತ್ತಡ ಏರುತ್ತದೆ. ಆರೋಗ್ಯವಂತ ಹೃದಯ ಇದನ್ನು ತಾಳಿಕೊಳ್ಳುತ್ತದೆ. ರಕ್ತನಾಳಗಳು ಕಿರಿದಾದ ಹೃದಯಕ್ಕೆ ಅದು ಅಪಾಯ ತರಬಹುದು. ನಿಂತಲ್ಲಿಯೇ ನಿಂತ ತರಬೇತುದಾರನ ಹೃದಯವೂ ಪಂದ್ಯದ ಬಿಸಿಯಲ್ಲಿ ಓಡುತ್ತಿರುತ್ತದೆ. ಆದ್ದರಿಂದಲೇ ಅವನನ್ನು ಗೆರೆಯಾಚೆಯ ಆಟಗಾರನೆಂದು ಕರೆಯುವುದು ಯುಕ್ತ.

ಭಾರತದ ಕಾಲ್ಚೆಂಡಿನ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನು ತನ್ನ ಬದುಕಿನಿಂದಲೇ ಎದುರಿಸಿದ ಒಬ್ಬ ಮಹನೀಯರಿದ್ದಾರೆ. ಅವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ರಹೀಮ್ ಸಾಹೇಬರೆಂದೇ ಅವರು ಪ್ರಸಿದ್ಧರು. ವೃತ್ತಿಯಿಂದ ಅವರು ಶಾಲಾ ಶಿಕ್ಷಕರಾಗಿದ್ದವರು. ಪಾಠ ಹೇಳುವವನ ತಾಳ್ಮೆಯನ್ನು ಅವರು ಮೈದಾನಕ್ಕೂ ತಂದರು. ಅವರ ಕೈಯಲ್ಲಿ ಪಳಗಿದ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತವಾಗಿ 5 ಸಲ ರೋವರ್ಸ್ ಕಪ್ಪನ್ನು ಗೆದ್ದಿತು. ಆಟಗಾರರು ಎರಡೂ ಕಾಲುಗಳಿಂದ ಆಡಬೇಕೆಂಬುದು ಅವರ ಹಟ. ಅದಕ್ಕಾಗಿ ಬಲವಿಲ್ಲದ ಕಾಲನ್ನೇ ಬಳಸಿ ಆಡುವ ಪಂದ್ಯಗಳನ್ನು ಏರ್ಪಡಿಸಿದರು.

1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ರಹೀಮರ ಶಿಷ್ಯರು ಇರಾನ್ ತಂಡವನ್ನು 1-0ಯಿಂದ ಸೋಲಿಸಿ ಚಿನ್ನವನ್ನು ಗೆದ್ದರು. ಮರುವರ್ಷ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದ ಎದುರು 1-10ರ ಸೋಲನ್ನೂ ಉಂಡರು. ಆ ದಿನ ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಅಂಥ ಸೋಲಿನಿಂದ ರಹೀಮರು ಎದೆಗುಂದಲಿಲ್ಲ, ಕಲಿತರು. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತವು ಆಸ್ಟ್ರೇಲಿಯವನ್ನು 4-2ರಿಂದ ಮಣಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಆ ತಂಡದಲ್ಲಿ ಮೈಸೂರಿನ ಕೆಂಪಯ್ಯನವರಿದ್ದರು. ಹೀಗೆ ಕನ್ನಡನಾಡಿನ ಆಟಗಾರರೂ ರಹೀಮರ ಪಾಠವನ್ನು ಕೇಳಿದವರೇ.

1962ರ ಆಗಸ್ಟ್ ತಿಂಗಳಲ್ಲಿ ಭಾರತ ತಂಡವು ಏಷ್ಯನ್ ಕ್ರೀಡಾಕೂಟಕ್ಕಾಗಿ ಇಂಡೋನೇಷ್ಯದ ಜಕಾರ್ತ ನಗರಕ್ಕೆ ಹೋಯಿತು. ಚುನಿ ಗೋಸ್ವಾಮಿ ತಂಡದ ನಾಯಕ. ಗುರುವಿನ ಶ್ವಾಸಕೋಶದಲ್ಲಿ ಆಗಲೇ ಕ್ಯಾನ್ಸರ್ ಬೇರೂರಿತ್ತು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯ ಭಾರತವನ್ನು 2-0ಯಿಂದ ಸೋಲಿಸಿತು. ಆ ಮೇಲೆ ಭಾರತ ಥೈಲೆಂಡನ್ನೂ ಜಪಾನನ್ನೂ ಗೆದ್ದಿತು; ಸೆಮಿಫೈನಲ್ಲಿನಲ್ಲಿ ದಕ್ಷಿಣ ವಿಯಟ್ನಾಮನ್ನು 3-2ರಿಂದ ಗೆದ್ದಿತು. ಅಂತಿಮ ಪಂದ್ಯದಲ್ಲಿ ಎದುರಾದದ್ದು ಮತ್ತೆ ದಕ್ಷಿಣ ಕೊರಿಯವೇ.

ಆಗ ರಹೀಮರ ಮುಂದಿದ್ದ ಸಮಸ್ಯೆಗಳೆಲ್ಲ ದೇಹದ ಆರೋಗ್ಯಕ್ಕೇ ಸಂಬಂಧಿಸಿದವು ಎಂಬುದು ಗಮನಿಸತಕ್ಕ ಸಂಗತಿ. ರಕ್ಷಣೆಯ ಆಧಾರಸ್ತಂಭವಾದ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿದ್ದರು. ಎತ್ತರದ ಗೋಲ್‌ಕೀಪರ್ ಪೀಟರ್ ತಂಗರಾಜ್ ಫ್ಲೂ ಜ್ವರದಿಂದ ಬಳಲಿ ಎದ್ದಿದ್ದರು. ಇವರನ್ನು ಆಡಿಸಬೇಕೇ, ಬಿಡಬೇಕೇ? ರಹೀಮರು ಗಾಯವನ್ನಷ್ಟೇ ನೋಡಲಿಲ್ಲ. ಗಾಯಗೊಂಡವನಿಂದ ಇನ್ನೂ ಯಾವ ಕೆಲಸ ಸಾಧ್ಯವೆಂಬುದನ್ನು ನೋಡಿದರು. ಜರ್ನೈಲ್ ಸಿಂಗರನ್ನು ಎಂದಿನ ಹಿಂದಿನ ಸ್ಥಾನದಿಂದ ತೆಗೆದು ಮುಂಚೂಣಿಯಲ್ಲಿ ನಿಲ್ಲಿಸಿದರು. ಗೋಲಿನ ಮುಂದೆ ತಂಗರಾಜರನ್ನು ನಿಲ್ಲಿಸಿದರು.

1962ರ ಸೆಪ್ಟೆಂಬರ್ 4ರಂದು ಸುಮಾರು 1 ಲಕ್ಷ ಪ್ರೇಕ್ಷಕರ ಮುಂದೆ ಆಟ ನಡೆಯಿತು. ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕೂಟದಿಂದ ಹೊರಗಿಟ್ಟುದನ್ನು ಭಾರತದ ಕ್ರೀಡಾಧಿಕಾರಿಯೊಬ್ಬರು ವಿರೋಧಿಸಿದ್ದರಿಂದ ಅಲ್ಲಿಯ ಜನ ಭಾರತದ ಮೇಲೆ ಕೆರಳಿದ್ದರು. ಆ ಗದ್ದಲದ ನಡುವೆ ಪಿ.ಕೆ. ಬ್ಯಾನರ್ಜಿ ಮೊದಲ ಗೋಲನ್ನು ಹೊಡೆದರು. ಎರಡನೆಯದನ್ನು ಹೊಡೆದವರು ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಆ ಜರ್ನೈಲ್ ಸಿಂಗರೇ. ಭಾರತ 2-1ರಿಂದ ಗೆದ್ದಿತು. ಪಂದ್ಯದ ಹಿಂದಿನ ದಿನ ರಹೀಮರು ಶಿಷ್ಯರನ್ನು ಕರೆದು, ನಾಳಿನ ಚಿನ್ನವನ್ನು ತಮಗೆ ಉಡುಗೊರೆಯಾಗಿ ಕೊಡಿರೆಂದು ಕೇಳಿದ್ದರೆಂದು ಆಟಗಾರರು ಮುಂದೆ ನೆನೆದುಕೊಂಡಿದ್ದಾರೆ. ಆ ಉಡುಗೊರೆಯನ್ನು ಅವರು ಬಹುಕಾಲ ಅನುಭವಿಸಲಿಲ್ಲ. 1963ರ ಜೂನ್ 11ರಂದು, 53ನೆಯ ವಯಸ್ಸಿನಲ್ಲಿ, ಹಾಸಿಗೆ ಹಿಡಿದಿದ್ದ ರಹೀಮರು ತೀರಿಕೊಂಡರು. ಜಕಾರ್ತದ ಆ ದಿನದಿಂದ ಲೆಕ್ಕ ಹಾಕಿದರೆ ನಡುವೆ ಇದ್ದದ್ದು ಒಂಬತ್ತೇ ತಿಂಗಳು.

ಈ ಕಥೆಯನ್ನು ಕೇಳಿದವರು ತಲೆಬಾಗುವುದು ಸಹಜ. ಆದರೆ ತಲೆಬಾಗಿದ ಮೇಲೆ ಯೋಚಿಸಬೇಕಾದದ್ದೂ ಇದೆ. ರಹೀಮರು ರೋಗಿಯಾಗಿದ್ದರೂ ಅರ್ಹರಾಗಿದ್ದರೆಂದು ಹೇಳುವುದಕ್ಕೆ ಕಾರಣ ಅವರ ಧೈರ್ಯವೊಂದೇ ಅಲ್ಲ. ಆ ತಂಡಕ್ಕೆ ಅವರು ಕಲಿಸಬೇಕಾದದ್ದನ್ನು ವರ್ಷಗಳ ಹಿಂದಿನಿಂದಲೇ ಕಲಿಸಿದ್ದರು. ಜಕಾರ್ತದಲ್ಲಿ ಅವರಿಂದ ಬೇಕಾಗಿದ್ದದ್ದು ಓಡುವ ಕಾಲಲ್ಲ, ತುಂಬು ಉಸಿರೂ ಅಲ್ಲ; ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬ ತಿಳಿವು. ರೋಗ ಅದನ್ನು ಮುಟ್ಟಿರಲಿಲ್ಲ. ಒಂದು ವೇಳೆ ಮುಟ್ಟಿದ್ದರೆ ಅದೇ ಧೈರ್ಯವು ತಂಡಕ್ಕೆ ಭಾರವಾಗುತ್ತಿತ್ತು. ರೋಗವನ್ನು ಲೆಕ್ಕಿಸದೆ ದುಡಿಯುವುದೇ ದೊಡ್ಡ ಗುಣವೆಂದು ರಹೀಮರ ಬದುಕಿನಿಂದ ಕಲಿತರೆ ಅದು ತಪ್ಪು ಪಾಠವಾದೀತು.

ಆ ತಪ್ಪು ಪಾಠದ ಬೆಲೆ ಎಷ್ಟೆಂಬುದಕ್ಕೆ ಹೊರನಾಡಿನಲ್ಲಿ ಒಂದು ದುಃಖದ ನಿದರ್ಶನವಿದೆ. ಸ್ಕಾಟ್ಲೆಂಡಿನ ಜಾಕ್ ಸ್ಟೀನ್ ಯೂರೋಪಿನ ಅತ್ಯಂತ ಗೌರವಾನ್ವಿತ ತರಬೇತುದಾರರಲ್ಲಿ ಒಬ್ಬರು. ಹೃದಯದ ತೊಂದರೆ ಅವರಿಗೆ ಹೊಸದಾಗಿರಲಿಲ್ಲ. 1985ರ ಸೆಪ್ಟೆಂಬರ್ 10ರಂದು ಕಾರ್ಡಿಫ್ ನಗರದಲ್ಲಿ ಸ್ಕಾಟ್ಲೆಂಡಿಗೂ ವೇಲ್ಸಿಗೂ ವಿಶ್ವಕಪ್ಪಿನ ಅರ್ಹತಾ ಪಂದ್ಯ ನಡೆಯಿತು. ಸೋಲಿನ ಅಂಚಿನಲ್ಲಿದ್ದ ಸ್ಕಾಟ್ಲೆಂಡ್ ಪೆನಾಲ್ಟಿ ಒದೆತದಿಂದ 1-1ರ ಸಮಬಲ ಸಾಧಿಸಿತು. ಪಂದ್ಯ ಮುಗಿಯುವ ಹೊತ್ತಿಗೆ ಸ್ಟೀನ್ ಮೈದಾನದ ಅಂಚಿನಲ್ಲಿಯೇ ಕುಸಿದರು. ಕ್ರೀಡಾಂಗಣದ ಒಳಗೇ ಪ್ರಾಣ ಬಿಟ್ಟರು. ಅವರಿಗೆ ಆಗ 62 ವರ್ಷ. ತಂಡಕ್ಕೆ ಬೇಕಾಗಿದ್ದ ಫಲ ದೊರೆಯಿತು. ಆದರೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಕುಳಿತ ಆಟಗಾರರಿಗೆ ಆ ಫಲ ಬೇಡವಾಗಿತ್ತು.

ಇದಕ್ಕಿಂತ ಬೇರೆಯಾದ ದಾರಿಯೊಂದನ್ನು ಫ್ರಾನ್ಸಿನ ಜೆರಾರ್ ಹೂಲಿಯೆ ಅವರ ಜೀವನದಲ್ಲಿ ಕಾಣಬಹುದು. ಅವರು ಇಂಗ್ಲೆಂಡಿನ ಲಿವರ್‌ಪೂಲ್ ತಂಡವನ್ನು ನಡೆಸುತ್ತಿದ್ದರು. 2001ರ ಅಕ್ಟೋಬರ್ 13ರಂದು ಪಂದ್ಯದ ವಿರಾಮದ ಹೊತ್ತಿನಲ್ಲಿ ಅವರಿಗೆ ಎದೆನೋವು ಕಾಣಿಸಿತು. ಕೂಡಲೇ ಆಸ್ಪತ್ರೆಗೆ ಸಾಗಿಸಿದರು. ಹೃದಯದಿಂದ ಹೊರಡುವ ಮಹಾಧಮನಿಯ ಗೋಡೆ ಸೀಳಿತ್ತು. ವೈದ್ಯರು ಗಂಟೆಗಟ್ಟಲೆ ಶಸ್ತ್ರಚಿಕಿತ್ಸೆ ನಡೆಸಿ ಅವರನ್ನು ಉಳಿಸಿದರು. ಮುಂದಿನ ಐದು ತಿಂಗಳು ತಂಡದ ಹೊಣೆಯನ್ನು ಹೊತ್ತವರು ಅವರ ಸಹಾಯಕರಾದ ಫಿಲ್ ಥಾಂಪ್ಸನ್. ಹೂಲಿಯೆ 2002ರ ಮಾರ್ಚಿಯಲ್ಲಿ ಮರಳಿ ಬಂದರು. ಆ ವರ್ಷ ತಂಡ ದೇಶದಲ್ಲಿ ಎರಡನೆಯ ಸ್ಥಾನ ಪಡೆಯಿತು. ಗುರುವಿನ ಗೈರುಹಾಜರಿಯಲ್ಲಿಯೂ ಪಾಠ ಮುಂದುವರಿದಿತ್ತು. ಏಕೆಂದರೆ ಅದನ್ನು ಬಲ್ಲ ಇನ್ನೊಬ್ಬರು ಅಲ್ಲಿದ್ದರು.

ಅದೇ ಹೂಲಿಯೆ ಮುಂದೆ ಆಸ್ಟನ್ ವಿಲ್ಲಾ ಎಂಬ ಇನ್ನೊಂದು ತಂಡದ ಹೊಣೆ ಹೊತ್ತರು. 2011ರಲ್ಲಿ ಮತ್ತೆ ಅಸ್ವಸ್ಥರಾದಾಗ ಆ ಕೆಲಸವನ್ನು ಬಿಟ್ಟರು. ಮೊದಲ ಸಲ ಮರಳಿ ಬಂದದ್ದನ್ನು ಧೈರ್ಯವೆಂದೂ ಎರಡನೆಯ ಸಲ ಬಿಟ್ಟು ಹೋದದ್ದನ್ನು ಅಧೈರ್ಯವೆಂದೂ ಕರೆಯುವುದು ಸರಿಯಲ್ಲ. ಮನುಷ್ಯ ಅವನೇ, ಆಟವೂ ಅದೇ. ಆದರೆ ದೇಹದ ಸ್ಥಿತಿ ಬೇರೆಯಾಗಿತ್ತು, ಉತ್ತರವೂ ಬೇರೆಯಾಯಿತು.

ದೇಹಕ್ಕೆ ಬರುವ ರೋಗದಂತೆ ಮನಸ್ಸಿಗೂ ದಣಿವು ಬರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಹೊಲಿಗೆ ಹಾಕಲು ಬರುವುದಿಲ್ಲ. ಲಿವರ್‌ಪೂಲ್ ತಂಡವನ್ನೇ ಹಿಂದೆ ನಡೆಸುತ್ತಿದ್ದ ಕೆನ್ನಿ ಡಾಲ್ಗ್ಲಿಷ್ 1991ರ ಫೆಬ್ರವರಿಯಲ್ಲಿ ಒಮ್ಮೆಲೆ ಕೆಲಸವನ್ನು ಬಿಟ್ಟರು. ಆಗ ಅವರ ತಂಡ ಅಂಕಪಟ್ಟಿಯ ತುದಿಯಲ್ಲಿತ್ತು. 1989ರಲ್ಲಿ ಹಿಲ್ಸ್‌ಬರೊ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ ತಮ್ಮ ತಂಡದ ಅನೇಕ ಅಭಿಮಾನಿಗಳು ಸತ್ತಾಗ ಡಾಲ್ಗ್ಲಿಷ್ ಅವರ ಅಂತ್ಯಕ್ರಿಯೆಗಳಿಗೆ ಹೋಗಿ, ಮನೆಯವರನ್ನು ಸಂತೈಸಿದ್ದರು. ಆ ಭಾರವೂ ಆಟದ ಭಾರವೂ ಸೇರಿ ಅವರನ್ನು ಬಳಲಿಸಿದ್ದವು. ಗೆಲ್ಲುತ್ತಿರುವಾಗಲೇ ನಿಲ್ಲಿಸಬೇಕಾಗುತ್ತದೆ ಎಂಬುದನ್ನು ಒಪ್ಪುವುದು ಸೋತು ನಿಲ್ಲಿಸುವುದಕ್ಕಿಂತ ಕಠಿಣ.

ಈ ಹಿರಿಯರ ಬದುಕುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅರ್ಹತೆಯನ್ನು ಅಳೆಯುವ ಕ್ರಮವೊಂದು ಹೊಳೆಯುತ್ತದೆ. ತರಬೇತುದಾರನಿಗೆ ರೋಗವಿದೆಯೇ ಎಂದು ಕೇಳಿದರೆ ಸಾಲದು. ಆ ರೋಗ ಅವನ ಕೆಲಸದ ಯಾವ ಭಾಗವನ್ನು ಮುಟ್ಟಿದೆ ಎಂದು ಮೊದಲು ಕೇಳಬೇಕು. ಮುಟ್ಟಿದ ಭಾಗವನ್ನು ಹೊರುವ ಇನ್ನೊಬ್ಬರು ಇದ್ದಾರೆಯೇ ಎಂದು ಎರಡನೆಯದಾಗಿ ಕೇಳಬೇಕು. ಈ ಕೆಲಸವು ಅವನ ಜೀವಕ್ಕೇ ಎರವಾಗುವುದೇ ಎಂಬುದು ಮೂರನೆಯ ಪ್ರಶ್ನೆ. ಮೊದಲಿನ ಎರಡಕ್ಕೆ ಅವನೂ ಸಂಗಡಿಗರೂ ಸೇರಿ ಉತ್ತರ ಹೇಳಬಹುದು. ಮೂರನೆಯದಕ್ಕೆ ಉತ್ತರ ಹೇಳತಕ್ಕವನು ವೈದ್ಯ. ತನ್ನ ರೋಗದ ತೀರ್ಪನ್ನು ತಾನೊಬ್ಬನೇ ಕೊಡುವವನು ತನಗೇ ತಾನು ರೆಫರಿಯಾದಂತೆ. ಆಟದಲ್ಲಿ ಅದಕ್ಕೆ ಅವಕಾಶವಿಲ್ಲ, ಬದುಕಿನಲ್ಲಿಯೂ ಇರಬಾರದು.

ದೊಡ್ಡ ತಂಡಗಳಲ್ಲಿ ವೈದ್ಯರಿದ್ದಾರೆ, ಸಹಾಯಕರಿದ್ದಾರೆ. ಹಳ್ಳಿಯ ಪ್ರೌಢಶಾಲೆಯ ಸ್ಥಿತಿ ಹಾಗಲ್ಲ. ಅಲ್ಲಿ ಇರುವವರು ಹೆಚ್ಚೆಂದರೆ ಒಬ್ಬರೇ ದೈಹಿಕ ಶಿಕ್ಷಕರು. ಖೋಖೋ, ಕಬಡ್ಡಿ, ವಾಲಿಬಾಲ್, ಓಟ, ಕವಾಯತು ಎಲ್ಲವೂ ಅವರದೇ. ತಾಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗ ಅವರು ಜ್ವರವಿದ್ದರೂ ಸೀಟಿ ಹಿಡಿದು ಮೈದಾನಕ್ಕೆ ಬರುತ್ತಾರೆ. ಯಾರಾದರೂ ಕೇಳಿದರೆ, ಎರೆಸೀಮೆಯ ಹಿರಿಯರು ಹೊಲದ ಕೆಲಸದ ದಿನಗಳಲ್ಲಿ ಹೇಳುವಂತೆಯೇ, ಏನೂ ಆಗಿಲ್ಲ ಎನ್ನುತ್ತಾರೆ. ಬಿತ್ತನೆಯ ಹದ ತಪ್ಪಬಾರದೆಂದು ಮನೆಯ ಯಜಮಾನ ಎದೆನೋವನ್ನು ನುಂಗಿಕೊಂಡು ಕೂರಿಗೆ ಹಿಡಿಯುವುದುಂಟು. ಆ ನಿಷ್ಠೆಯಲ್ಲಿ ಪ್ರೀತಿಯಿದೆ. ಆದರೆ ಯಜಮಾನ ಬಿದ್ದರೆ ಆ ವರ್ಷದ ಬಿತ್ತನೆಯಷ್ಟೇ ಅಲ್ಲ, ಮುಂದಿನ ವರ್ಷಗಳ ಬಿತ್ತನೆಯೂ ನಿಲ್ಲುತ್ತದೆ.

ಆದ್ದರಿಂದ ಗುರುವಿನ ಆರೋಗ್ಯ ಗುರುವೊಬ್ಬರ ಚಿಂತೆಯಲ್ಲ. ದನಿ ಕಟ್ಟಿದ ಗುರುಗಳ ಪರವಾಗಿ ತಂಡದ ನಾಯಕ ಕೂಗಿ ಹೇಳಬಹುದು. ಓಡಲಾರದವರ ಪರವಾಗಿ ಹಿರಿಯ ವಿದ್ಯಾರ್ಥಿ ಓಡಿ ತೋರಿಸಬಹುದು. ಅಭ್ಯಾಸದ ಕ್ರಮವನ್ನು ಒಂದು ಹಾಳೆಯ ಮೇಲೆ ಬರೆದಿಟ್ಟರೆ ಅವರು ಬಾರದ ದಿನವೂ ಅಭ್ಯಾಸ ನಡೆಯುತ್ತದೆ. ನೀವು ವಿಶ್ರಾಂತಿ ತೆಗೆದುಕೊಳ್ಳಿರಿ ಸರ್, ಇವತ್ತು ನಾವು ನೋಡಿಕೊಳ್ಳುತ್ತೇವೆ ಎಂದು ಹೇಳುವ ಶಿಷ್ಯರಿದ್ದರೆ ಗುರುಗಳು ಏನೂ ಆಗಿಲ್ಲ ಎಂದು ಹೇಳಬೇಕಾದ ಅಗತ್ಯವೇ ಬೀಳುವುದಿಲ್ಲ. ಹಾಗೆ ಹೇಳಬಲ್ಲ ಶಿಷ್ಯರನ್ನು ತಯಾರುಮಾಡುವುದೂ ತರಬೇತುದಾರನ ಅರ್ಹತೆಯ ಒಂದು ಭಾಗವೇ ಆಗಿದೆ.

ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಿನ ಚಿನ್ನ 1962ರ ನಂತರ ಭಾರತಕ್ಕೆ ಮತ್ತೆ ದೊರೆತಿಲ್ಲ. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ರಹೀಮರಂಥ ಗುರುವನ್ನು ಬೇಗನೆ ಕಳೆದುಕೊಂಡದ್ದೂ ಒಂದೆಂದು ಬಲ್ಲವರು ಹೇಳುತ್ತಾರೆ. ಆದರೆ ಅವರು ಕಲಿಸಿದ್ದು ಅವರೊಡನೆ ಮಣ್ಣಾಗಲಿಲ್ಲ. ಜಕಾರ್ತದಲ್ಲಿ ಮೊದಲ ಗೋಲು ಹೊಡೆದ ಪಿ.ಕೆ. ಬ್ಯಾನರ್ಜಿ ಮುಂದೆ ತಾವೇ ತರಬೇತುದಾರರಾದರು. ಕಲ್ಕತ್ತೆಯ ದೊಡ್ಡ ತಂಡಗಳನ್ನು ವರ್ಷಗಳ ಕಾಲ ಗೆರೆಯಾಚೆ ನಿಂತು ನಡೆಸಿದರು; ತಮ್ಮ ಆಟಗಾರರ ಕಾಲುಗಳನ್ನೂ ಉಸಿರನ್ನೂ ಮನಸ್ಸನ್ನೂ ಅಳೆದರು. ಆ ಅಳತೆಯನ್ನು ಅವರಿಗೆ ಕಲಿಸಿದವರಲ್ಲಿ ಹೈದರಾಬಾದಿನ ಆ ಶಾಲಾ ಮಾಸ್ತರರೂ ಒಬ್ಬರು.